ಕೆಂಪು ಬಟ್ಟೆ, ಬಿಳಿ ಚೀಲ

ನನ್ನ ಮೊಮ್ಮಗಳಿಗೆ ನಾನಿಟ್ಟ ಅಡ್ಡಹೆಸರು ಕುದುರೆ. ಮೆಟ್ಟಿಲು ಇಳಿದಳು ಅಂದ್ರೆ ಟಕಟಕ ಅಂತ ಬೀದಿ ಕೊನೆಯವರೆಗೂ ಸದ್ದು. ಹೆಣ್ಣುಮಕ್ಕಳು ಮೆತ್ತಗೆ ನಡೀಬೇಕು ಅಂತ ನಮಗೆಲ್ಲ ತಿವಿದು ತಿವಿದು ಹೇಳಿ ಬೆಳೆಸಿದ್ರು. ನಾನು ಇವಳಿಗೆ ಆ ಮಾತು ಹೇಳಲಿಲ್ಲ. ನಡೆಯೋ ಕಾಲು, ನಡೀಲಿ ಬಿಡಿ ಅಂತ ಸುಮ್ಮನಿದ್ದೆ. ಈಗ ಅವಳಿಗೆ ಹದಿನೈದು ತುಂಬಿದೆ, ಮನೆಯೊಳಗೆ ಅವಳು ಓಡಾಡಿದ್ರೂ ಆ ಟಕಟಕ ಕೇಳಿಸೋದಿಲ್ಲ.

ನಮ್ಮದು ಬೀದಿ ಮೂಲೆಯ ಮನೆ. ಕೆಳಗೆ ಸೊಸೆಯ ಹೊಲಿಗೆ ಅಂಗಡಿ, ಮೇಲೆ ನಾವಿರೋ ಎರಡು ಕೋಣೆ, ಅದರ ಮೇಲೆ ತಾರಸಿ. ಮನೆ ನನ್ನ ದೊಡ್ಡ ಮಗನದು, ಹಿಂದಿನ ಭಾಗದಲ್ಲಿ ಅವನಿರ್ತಾನೆ. ಚಿಕ್ಕವನು, ಅಂದ್ರೆ ಕುದುರೆಯ ಅಪ್ಪ, ಜ್ವರ ಅಂತ ಮಲಗಿದವನು ಏಳಲಿಲ್ಲ. ಆಮೇಲಿಂದ ಸೊಸೆ ಮೆಷಿನ್ನು ತುಳಿದೇ ಮಗಳನ್ನು ಸಾಕ್ತಿದ್ದಾಳೆ. ನಾನು ಪಕ್ಕದಲ್ಲಿ ಕೂತು ಗುಂಡಿ ಹಾಕ್ತೀನಿ, ಕಾಜಾ ಹೊಲೀತೀನಿ. ಸೂಜಿಗೆ ದಾರ ಪೋಣಿಸೋಕೆ ನನಗೆ ಇನ್ನೊಬ್ಬರು ಬೇಕು. ಬೈಯೋಕೆ ಯಾರ ಸಹಾಯವೂ ಬೇಕಿಲ್ಲ.

ನಮ್ಮ ಅಂಗಡಿ ಮುಂದಿನಿಂದ ರಸ್ತೆ ನೂಲು ಹಿಡಿದ ಹಾಗೆ ನೇರ ಹೋಗುತ್ತೆ. ಆ ತುದಿಯಲ್ಲಿ ಹಿಟ್ಟಿನ ಗಿರಣಿ, ಅಲ್ಲಿ ತಿರುಗಿದ್ರೆ ಶಾಲೆ. ಮೊದಲು ಈ ರಸ್ತೆಯುದ್ದಕ್ಕೂ ಅಂಗಡಿಗಳಿದ್ದವು. ಕ್ಷೌರದವನು, ಚಪ್ಪಲಿ ಹೊಲಿಯೋನು, ಸೈಕಲ್ ರಿಪೇರಿಯವನು, ಹಳೇ ಪೇಪರಿನವಳು, ಚಹಾದವನು. ಒಬ್ಬೊಬ್ಬರಿಗೂ ಊರ ಮೇಲಿನ ಉಸಾಬರಿ. ಯಾವ ಹುಡುಗಿಯ ಚಪ್ಪಲಿ ಬಾರು ಕಿತ್ತಿದೆ, ಯಾವ ಹುಡುಗ ಶಾಲೆ ಬಿಟ್ಟು ಎತ್ತ ಹೋದ, ಯಾರ ಮುಖ ಬಾಡಿದೆ, ಎಲ್ಲ ಅವರಿಗೆ ಬೇಕು. ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನೋ ಜನ. ಕುದುರೆ ಮತ್ತವಳ ಗೆಳತಿಯರು ಗುಂಪಾಗಿ ಹೋಗ್ತಿದ್ರು, ಗುಂಪಾಗಿ ಬರ್ತಿದ್ರು, ದಾರಿಯುದ್ದ ಕಿಸಿಕಿಸಿ. ಮನೆಗೆ ಬಂದು ಚೀಲ ಎಸೆದು, "ಅಜ್ಜೀ, ಆ ಕ್ಷೌರದವನು ಕತ್ತರಿ ಹಿಡ್ಕೊಂಡೇ ನಮ್ಮನ್ನ ನೋಡ್ತಾನೆ, ಯಾರ್ದೋ ಕಿವಿ ಕತ್ತರಿಸ್ತಾನೆ ಒಂದಿನ" ಅಂತ ರೇಗೋಳು. ನಾನೂ ನಗ್ತಿದ್ದೆ. ಆ ಕಣ್ಣುಗಳು ಎಷ್ಟು ದೊಡ್ಡ ಕಾವಲು ಅನ್ನೋದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಆಮೇಲೆ ಗೋದಾಮಿನವರು ಬಂದ್ರು. ಅಂಗಡಿಗಳ ಹಿಂದಿದ್ದ ಬಯಲು ಅವರದಾಯ್ತು, ಅಂಗಡಿಗಳೂ ಅವರದಾದವು. ಕ್ಷೌರದವನು ಕನ್ನಡಿ ಹೊತ್ತುಕೊಂಡು ಹೋಗೋವಾಗ ನಮ್ಮ ಅಂಗಡಿ ಮುಂದೆ ನಿಂತು ನೀರು ಕೇಳಿ ಕುಡಿದ. ಎಲ್ಲಿಗೆ ಹೋಗ್ತೀಯ ಅಂದೆ. ಗೊತ್ತಿಲ್ಲಮ್ಮ ಅಂದ. ಅವನಿದ್ದ ಜಾಗದಲ್ಲಿ ಈಗ ಗೋಡೆ. ಎಲ್ಲರೂ ಇದ್ದ ಜಾಗದಲ್ಲಿ ಗೋಡೆ. ನಮ್ಮ ಮೂಲೆಯಿಂದ ಗಿರಣಿಯವರೆಗೆ ಒಂದು ಕಿಟಕಿಯಿಲ್ಲ, ಒಂದು ಬಾಗಿಲಿಲ್ಲ, ನೆರಳಿಗೊಂದು ಮರವಿಲ್ಲ. ಗೋಡೆಯ ಬುಡದಲ್ಲಿ ಚರಂಡಿ, ಚರಂಡಿಯ ಮೇಲೆ ಚಪ್ಪಡಿ. ಅದೇ ಕಾಲುದಾರಿ ಅಂದ್ರು. ಅದರ ಪಕ್ಕಕ್ಕೆ ಲಾರಿಗಳ ಸಾಲು. ಒಳಗೆ ಬಿಡೋವರೆಗೂ ಅವು ಅಲ್ಲೇ ನಿಂತಿರಬೇಕು. ನಡೆಯೋರು ಲಾರಿಗೂ ಗೋಡೆಗೂ ನಡುವೆ ಸಂದಿಯಲ್ಲಿ ನುಸುಳಿ ಹೋಗಬೇಕು. ಇತ್ತ ಕಡೆಯಿಂದ ನೋಡಿದ್ರೆ ಆ ಸಂದಿಯೊಳಗೆ ಮನುಷ್ಯರಿದ್ದಾರೋ ಇಲ್ಲವೋ ಅಂತಲೇ ಗೊತ್ತಾಗದು.

ಗಿರಣಿಯವನೊಬ್ಬ ಮಾತ್ರ ಜಾಗ ಬಿಡಲಿಲ್ಲ. ಅವನನ್ನು ಹಿಟ್ಟಣ್ಣ ಅಂತ ಕರೀತೀವಿ, ಹುಬ್ಬಿನಿಂದ ಹಿಮ್ಮಡಿವರೆಗೂ ಬೆಳ್ಳಗೇ ಇರ್ತಾನೆ. ಅವನ ಹೆಂಡತಿಯೇ ಒಂದ್ಸಲ ಅವನು ಸ್ನಾನ ಮಾಡಿ ಬಂದಾಗ ಯಾರೋ ಬೇರೆ ಗಂಡಸು ಅಂತ ಬಾಗಿಲು ಹಾಕ್ಕೊಂಡಿದ್ಳಂತೆ. ಅವನೇ ಹೇಳ್ಕೊಂಡು ನಗ್ತಾನೆ.

ಗೋಡೆ ಎದ್ದ ಮೇಲೆ ನಡೆಯೋರು ಕರಗ್ತಾ ಬಂದ್ರು. ಎದುರುಮನೆ ಹುಡುಗಿಯನ್ನು ಅವಳಪ್ಪ ಸ್ಕೂಟರಲ್ಲಿ ಬಿಡೋಕೆ ಶುರು ಮಾಡಿದ. ಇನ್ನೊಬ್ಬಳು ಹಾಸ್ಟೆಲಿಗೆ ಹೋದಳು. ಮತ್ತೊಬ್ಬಳು ಶಾಲೆಯನ್ನೇ ಬಿಟ್ಟಳು, ಅವರಪ್ಪನಿಗೆ ಸ್ಕೂಟರಿರಲಿಲ್ಲ. ಹುಡುಗರು ಸೈಕಲ್ ತುಳೀತಿದ್ರು, ಒಬ್ಬನಿಗೆ ಲಾರಿ ಕನ್ನಡಿ ತಾಗಿದ ಮೇಲೆ ಅವರೂ ನಿಲ್ಲಿಸಿದ್ರು. ಒಬ್ಬರು ಬಿಟ್ಟಿದ್ದಕ್ಕೆ ಇನ್ನೊಬ್ಬರು ಹೆದರಿದ್ರು, ಇನ್ನೊಬ್ಬರು ಹೆದರಿದ್ದಕ್ಕೆ ಮತ್ತೊಬ್ಬರು ಬಿಟ್ರು. ಕೊನೆಗೆ ಉಳಿದವಳು ನಮ್ಮ ಕುದುರೆ ಒಬ್ಬಳೇ.

ದೊಡ್ಡವನು ಒಂದು ಸಂಜೆ ಬಂದು ಅಂಗಡಿ ಬಾಗಿಲಲ್ಲಿ ನಿಂತ. ಅವನಿಗೆ ಆ ಗೋದಾಮಿನೊಳಗೇ ಕೆಲಸ, ಲಾರಿ ಇಳಿಸೋರ ಮೇಲ್ವಿಚಾರಣೆ. ಆ ಗೋಡೆಯೇ ಅವನಿಗೆ ಅನ್ನ ಹಾಕೋದು, ಅದಕ್ಕೇ ಗೋಡೆಯ ಬಗ್ಗೆ ನಾನು ಬಾಯಿ ತೆರೆದ್ರೆ ಅವನ ಮೂಗಿನ ತುದಿ ಕೆಂಪಾಗುತ್ತೆ.

"ಅಮ್ಮ, ಅವಳನ್ನ ನಾಳೆಯಿಂದ ಕಳಿಸಬೇಡಿ. ಆ ರಸ್ತೇಲಿ ಎಂಥೆಂಥ ಡ್ರೈವರುಗಳು ಬರ್ತಾರೆ ನನಗೆ ಗೊತ್ತು."

"ನೀನೇ ಬಿಟ್ಟು ಬಾ ಹಾಗಾದ್ರೆ."

"ನನ್ನ ಪಾಳಿ ಬೆಳಕು ಹರಿಯೋ ಮುಂಚೆ ಶುರು, ಮುಗಿಯೋದು ಕತ್ತಲಾಗೋ ಹೊತ್ತಿಗೆ."

"ನಾನು ಹೋಗ್ತೀನಿ ಅವಳ ಜೊತೆ."

"ನಿನ್ನ ಮಂಡಿ ಮೆಟ್ಟಿಲಿಗೇ ಅಳುತ್ತೆ."

ಸೊಸೆ ಮೆಷಿನ್ ನಿಲ್ಲಿಸಲೇ ಇಲ್ಲ. ಬಟ್ಟೆ ಮೇಲೆ ಕಣ್ಣಿಟ್ಟುಕೊಂಡೇ ಕಡ್ಡಿ ಮುರಿದ ಹಾಗೆ ಹೇಳಿದಳು. "ಭಾವ, ಅವಳು ಶಾಲೆ ಬಿಡೋದಿಲ್ಲ. ಹತ್ತನೇ ತರಗತಿ ಮುಗಿಸ್ತಾಳೆ, ಆಮೇಲೂ ಓದ್ತಾಳೆ. ನನ್ನ ಹಾಗೆ ಇನ್ನೊಬ್ಬರ ಅಳತೆ ತಗೊಂಡು ಬದುಕೋದು ಬೇಡ."

ಕೆಟ್ಟವನಲ್ಲ ನನ್ನ ಮಗ, ಬರೀ ಹೆದರಿಕೆಯವನು. ಹೆದರಿದ ಗಂಡಸರಿಗೆ ಜೋರು ಮಾಡೋದು ಬಿಟ್ರೆ ಬೇರೆ ಬರೋದಿಲ್ಲ. "ಸರಿ. ಒಂದೇ ಒಂದ್ಸಲ ಆ ರಸ್ತೇಲಿ ಏನಾದ್ರೂ ಆಯ್ತೋ, ಶಾಲೆ ಅಲ್ಲಿಗೆ ಮುಗೀತು. ಆಮೇಲೆ ನನ್ನ ಹತ್ರ ಅಳಬೇಡಿ" ಅಂದು ಹೋದ. ಸೊಸೆ ಆಯ್ತು ಅಂದಳು. ಆ ಮಾತು ಮೂವರೂ ಕೇಳಿಸಿಕೊಂಡ್ವಿ, ಕುದುರೆ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಳು.

ಮಾರನೇ ದಿನ ಉಪಾಯ ತಂದವಳು ಅವಳೇ. ಹಿಟ್ಟಣ್ಣನ ಗಿರಣಿಯ ಮೇಲೆ ಚೀಲ ಎತ್ತೋಕೆ ಒಂದು ತೊಲೆ ಹೊರಕ್ಕೆ ಚಾಚಿದೆ. ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕೋಕೆ ಕಟ್ಟಿದ ಉದ್ದನೆ ಬಿದಿರಿನ ಗಳು ಇದೆ. ಎರಡೂ ಲಾರಿಗಳಿಗಿಂತ ಎತ್ತರ. ನೆಲದಲ್ಲಿ ಏನೂ ಕಾಣಿಸದಿದ್ರೂ ಮೇಲೆ ಈ ತುದಿಗೆ ಆ ತುದಿ ಕಾಣುತ್ತೆ.

"ನಾನು ಬೆಳಿಗ್ಗೆ ಹೊರಟ ತಕ್ಷಣ ಅಮ್ಮ ಕೆಂಪು ಬಟ್ಟೆ ಹಾಕಲಿ. ನಾನು ಗಿರಣಿ ಮುಟ್ಟಿದ್ರೆ ಹಿಟ್ಟಣ್ಣ ಬಿಳಿ ಚೀಲ ಹಾಕಲಿ. ಅಮ್ಮ ನೋಡಿ ಕೆಂಪು ತೆಗೀಲಿ. ಸಂಜೆ ಉಲ್ಟಾ. ನಾನು ಗಿರಣಿ ದಾಟಿದಾಗ ಬಿಳಿ ಚೀಲ, ಮನೆಗೆ ಬಂದಾಗ ಕೆಂಪು ಬಟ್ಟೆ. ಆಗ ಅವನು ಚೀಲ ಇಳಿಸ್ತಾನೆ. ಚೀಲ ಹಾರಿ ಕೆಂಪು ಹಾರಲಿಲ್ಲ ಅಂದ್ರೆ ಎರಡೂ ಕಡೆಯಿಂದ ಓಡಿ ಬನ್ನಿ. ನಾನು ನಡುವೆ ಎಲ್ಲೋ ಇರ್ತೀನಿ." ನಗ್ತಾನೇ ಹೇಳಿದ್ದಳು.

ಫೋನ್ ಇರಲಿಲ್ವಾ ಅಂತ ನೀವು ಕೇಳ್ತೀರಿ. ಎಲ್ಲರೂ ಕೇಳಿದ್ರು, ಆಸ್ಪತ್ರೆಯಲ್ಲಿ ಪೊಲೀಸನೂ ಕೇಳಿದ. ಇತ್ತು. ಶಾಲೆಯಲ್ಲಿ ಮಕ್ಕಳಿಗೆ ಫೋನ್ ಬಿಡೋದಿಲ್ಲ. ಹಿಟ್ಟಣ್ಣನಿಗೆ ಮಾಡಿದ್ರೆ ಗಿರಣಿ ಸದ್ದಿಗೆ ಕೇಳಿಸದು, ಅವನ ಫೋನಿನೊಳಗೆ ಹಿಟ್ಟು ತುಂಬಿ ಅದು ಬರೀ ಕೆಮ್ಮೋದು. ಬಟ್ಟೆಗೆ ಅಂಥ ತಾಪತ್ರಯ ಇಲ್ಲ ನೋಡಿ. ಗಾಳಿಗೆ ಹಾರುತ್ತೆ, ಕಣ್ಣಿಗೆ ಕಾಣುತ್ತೆ, ಮುಗೀತು.

ಚೆನ್ನಾಗಿಯೇ ನಡೀತು. ಸೊಸೆ ಹಳೇ ಪರದೆಯಿಂದ ಅಗಲವಾದ ಒಂದು ಕೆಂಪು ತುಂಡು ಕತ್ತರಿಸಿ ಅಂಚು ಹೊಲಿದಳು. ಸಂಜೆ ಶಾಲೆ ಬಿಡೋ ಹೊತ್ತಿಗೆ ನಾನು ಅಂಗಡಿ ಕಟ್ಟೆಗೆ ಬಂದು ಕೂತು ಗಿರಣಿ ಕಡೆ ನೋಡ್ತಿದ್ದೆ. ದೂರದ್ದು ನನಗೆ ಚೆನ್ನಾಗಿ ಕಾಣುತ್ತೆ, ಹತ್ತಿರದ್ದೇ ಕಾಣೋದಿಲ್ಲ. ಬಿಳಿ ಚೀಲ ಮೇಲಕ್ಕೇರಿದ್ರೆ, "ಹೊರಟಳು" ಅಂತಿದ್ದೆ. ಸೊಸೆ ಮೆಷಿನ್ ನಿಲ್ಲಿಸೋಳು. ಟಕಟಕ ಕೇಳಿಸಿದ ಮೇಲೇ ಮತ್ತೆ ತುಳಿಯೋಳು. ಕುದುರೆ ಬಂದವಳೇ ನೇರ ತಾರಸಿಗೆ ಹತ್ತಿ ಕೆಂಪು ಬಟ್ಟೆಯನ್ನು ತಾನೇ ಹಾಕಿ, ಅಲ್ಲಿಂದಲೇ ಹಿಟ್ಟಣ್ಣನಿಗೆ ಕೈ ಬೀಸೋಳು. ದೊಡ್ಡವನೂ ಒಂದೆರಡು ಸಲ ಕೆಲಸದಿಂದ ಬಂದು, "ಇವತ್ತು ಬಾವುಟ ಹಾರ್ತಾ?" ಅಂತ ಕೇಳಿದ್ದ. ಕೇಳಿ ತನಗೇ ನಾಚಿಕೆಯಾಗಿ ಒಳಗೆ ಹೋಗಿದ್ದ.

ಆ ದಿನದ್ದು ಹೇಳ್ತೀನಿ.

ಒಂದು ದೊಡ್ಡ ಹೋಟೆಲಿನವರು ಬಾಗಿಲು ಕಾಯೋ ಜನರಿಗೆ ಕೋಟು ಹೊಲಿಯೋಕೆ ಕೊಟ್ಟಿದ್ರು. ಕರೀ ಕೋಟು, ಒಳಗೆ ಕೆಂಪು ಲೈನಿಂಗ್. ಲೈನಿಂಗ್ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ರೆ ಹೊಲಿದ ಮೇಲೆ ಒಗೆದಾಗ ಒಳಗಿಂದ ಕುಗ್ಗಿ ಕೋಟೆಲ್ಲ ಮುದುರಿ ಕೂರುತ್ತೆ. ಇದು ಹೊಲಿಗೆ ಕಲಿಯೋ ಮಕ್ಕಳಿಗೂ ಗೊತ್ತು. ಅಗ್ಗದ ದರ್ಜಿಗಳು ನೆನೆಸೋದಿಲ್ಲ. ನನ್ನ ಸೊಸೆ ನೆನೆಸ್ತಾಳೆ. ಕೆಲಸದಲ್ಲಿ ಅವಳಿಗೆ ಅಷ್ಟು ನಿಯತ್ತು, ಆ ನಿಯತ್ತೇ ನಮ್ಮ ತಲೆ ಮೇಲೆ ಬಂತು.

ಊಟದ ಹೊತ್ತಿಗೆ ನೆನೆಸಿದ ಬಟ್ಟೆಯನ್ನು ಹಿಂಡಿ ತಾರಸಿಯ ಹಗ್ಗದ ಮೇಲೆಲ್ಲ ಹಾಕಿದಳು. ಜಾಗ ಸಾಲಲಿಲ್ಲ, ಉಳಿದ ಒಂದು ತುಂಡನ್ನು ಬಿದಿರಿನ ಗಳುವಿನ ಮೇಲೆ ಹರಡಿದಳು. ಶಾಲೆ ಬಿಡೋದಕ್ಕೆ ಇನ್ನೂ ತುಂಬ ಹೊತ್ತಿತ್ತು. ಅಷ್ಟರಲ್ಲಿ ಒಣಗುತ್ತೆ, ತೆಗೆದುಬಿಡ್ತೀನಿ ಅಂತ ಅವಳ ಲೆಕ್ಕ. ಆಮೇಲೆ ಹೋಟೆಲಿನ ಮನುಷ್ಯ ಅಳತೆ ನೋಡೋಕೆ ಬಂದ. ತೋಳು ಉದ್ದ ಅಂದ, ಕಾಲರು ಅಗಲ ಅಂದ, ಕೂತ, ಎದ್ದ, ಕನ್ನಡಿ ಮುಂದೆ ತಿರುಗಿದ. ಬಿದಿರಿನ ಮೇಲಿನ ಬಟ್ಟೆ ಅವಳ ತಲೆಯಿಂದ ಹಾರಿಹೋಯ್ತು. ನಾನು ಕೆಳಗೆ ಕಟ್ಟೆ ಮೇಲಿದ್ದೆ, ನಮ್ಮ ತಾರಸಿ ನಮಗೆ ಕಾಣೋದಿಲ್ಲ.

ಸಂಜೆ ಕುದುರೆ ಗಿರಣಿ ದಾಟಿದಳು. ಹಿಟ್ಟಣ್ಣ ಎಂದಿನಂತೆ ಚೀಲ ಏರಿಸಿದ. ಏರಿಸಿ ಈ ಕಡೆ ನೋಡ್ತಾನೆ, ಕೆಂಪು ಬಟ್ಟೆ ಆಗಲೇ ಹಾರ್ತಿದೆ. ಅವನು ಒಳಗೆ ಯಾರದೋ ಕಾಳು ಸುರಿದು ಬಂದು ನೋಡಿದ್ದನಂತೆ, ಅಷ್ಟರಲ್ಲಿ ಅವಳು ಓಡಿಕೊಂಡು ಹೋಗಿ ಮುಟ್ಟಿದ್ದಾಳೆ ಅಂದುಕೊಂಡ. ಕುದುರೆಯಲ್ವಾ. ಚೀಲ ಇಳಿಸಿ ತನ್ನ ಕೆಲಸಕ್ಕೆ ಹೋದ. ಆ ಚೀಲ ಏರಿ ಇಳಿದ ಹೊತ್ತಿಗೆ ಹೋಟೆಲಿನವನು ನನ್ನ ಮುಂದೆ ನಿಂತು ಗುಂಡಿ ಸಡಿಲ ಅಂತ ಜಗಳ ಆಡ್ತಿದ್ದ. ಅವನ ಹೊಟ್ಟೆ ಬಿಟ್ರೆ ನನಗೆ ಬೇರೇನೂ ಕಾಣಿಸಲಿಲ್ಲ. ಅವನು ಹೋದ ಮೇಲೆ ನೋಡಿದ್ರೆ ಗಿರಣಿ ಮೇಲೆ ಚೀಲವಿಲ್ಲ.

"ಇನ್ನೂ ಹೊರಟಿಲ್ಲ" ಅಂದೆ.

"ಪರೀಕ್ಷೆ ಹತ್ರ ಬಂತಲ್ಲ, ಹೆಚ್ಚಿನ ತರಗತಿ ಇರುತ್ತೆ" ಅಂದಳು ಸೊಸೆ.

ಗೊತ್ತಾಯ್ತಲ್ಲ ನಿಮಗೆ. ಅಲ್ಲಿ ಹಿಟ್ಟಣ್ಣ ಅವಳು ಮನೆ ಮುಟ್ಟಿದಳು ಅಂತ ನೆಮ್ಮದಿಯಾಗಿದ್ದ. ಇಲ್ಲಿ ನಾವು ಅವಳು ಶಾಲೆಯಿಂದಲೇ ಹೊರಟಿಲ್ಲ ಅಂತ ನೆಮ್ಮದಿಯಾಗಿದ್ವಿ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೀವಿ ಅಂತ ನಮ್ಮ ಪಾಡಿಗೆ ನಾವು ಕೂತಿದ್ವಿ. ನಾನಂತೂ ಒಂದು ಲೋಟ ಚಹಾ ಕುಡಿದೆ. ಆ ಚಹಾ ಈಗಲೂ ನನ್ನ ಗಂಟಲಲ್ಲಿದೆ.

ಬೆಳಕು ಇಳೀತಾ ಬಂತು. ಸೊಸೆ ಎರಡು ಸಲ ಎದ್ದು ಬಾಗಿಲಿಗೆ ಬಂದು ಹೋದಳು. ಮೂರನೇ ಸಲ ಚಪ್ಪಲಿ ಮೆಟ್ಟಿಕೊಂಡಳು. ಅದೇ ಹೊತ್ತಿಗೆ ಹಿಟ್ಟಣ್ಣ ಗಿರಣಿ ಮುಚ್ಚಿ, ಹೊಲಿಯೋಕೆ ಕೊಟ್ಟಿದ್ದ ತನ್ನ ಪ್ಯಾಂಟು ತಗೊಂಡು ಹೋಗೋಣ ಅಂತ ರಸ್ತೆಯ ಆಚೆ ಬದಿಯಿಂದ ಬಂದ. ಲಾರಿಗಳು ನಿಲ್ಲೋ ಬದಿಯಿಂದ ಅಲ್ಲ. ನಗ್ತಾ ಬಂದ.

"ಎಲ್ಲಿ ನಮ್ಮ ಕುದುರೆ? ಇವತ್ತೇನು ರೆಕ್ಕೆ ಕಟ್ಕೊಂಡಿತ್ತಾ? ನಾನು ಚೀಲ ಕಟ್ಟೋಷ್ಟರಲ್ಲಿ ಮನೆ ಸೇರಿಬಿಟ್ಳಲ್ಲ."

ಸೊಸೆ ಅವನನ್ನೇ ನೋಡಿದಳು. "ಅವಳು ಬಂದಿಲ್ಲವಲ್ಲಣ್ಣ. ನೀವು ಚೀಲ ಹಾಕಿಲ್ಲ."

"ಹಾಕಿದ್ನಲ್ಲಮ್ಮ. ನೀವು ಕೆಂಪು ಹಾಕಿದ್ರಿ, ಇಳಿಸಿದೆ."

"ನಾನೆಲ್ಲಿ ಹಾಕಿದೆ?"

ಅವನು ಕೈ ಎತ್ತಿ ಮೇಲೆ ತೋರಿಸಿದ. ಸೊಸೆ ರಸ್ತೆಗಿಳಿದು ತಿರುಗಿ ನೋಡಿದಳು. ನಾನೂ ಇಳಿದೆ. ತಾರಸಿಯ ಗಳುವಿನ ಮೇಲೆ ಆ ಲೈನಿಂಗ್ ಬಟ್ಟೆ ಒಣಗಿ ಹಗುರಾಗಿ ಹಾರ್ತಿತ್ತು. ಸೊಸೆ ಒಂದು ಚಪ್ಪಲಿ ಅಲ್ಲೇ ಬಿಟ್ಟು ಆ ಸಂದಿಯೊಳಗೆ ಓಡಿದಳು.

ಕುದುರೆ ಸಿಕ್ಕಿದ್ದು ಅರ್ಧ ದಾರಿಯಲ್ಲಿ, ಎರಡು ಲಾರಿಗಳ ಪಕ್ಕದ ಸಂದಿಯಲ್ಲಿ. ಲಾರಿ ಚಕ್ರ ಹತ್ತಿ ಹತ್ತಿ ಸಡಿಲವಾಗಿದ್ದ ಚಪ್ಪಡಿ ಅವಳ ಕಾಲ ಕೆಳಗೆ ಮಗುಚಿಕೊಂಡಿತ್ತು. ಅವಳು ಸೊಂಟದವರೆಗೆ ಚರಂಡಿಯಲ್ಲಿ, ಚಪ್ಪಡಿ ಕಾಲಿನ ಮೇಲೆ. ಪುಸ್ತಕದ ಚೀಲವನ್ನು ಮಾತ್ರ ಒದ್ದೆಯಾಗದ ಹಾಗೆ ಮೇಲಿಟ್ಟುಕೊಂಡಿದ್ದಳು. ಮುಂದಿನ ಲಾರಿಯ ಡ್ರೈವರ್ ಹಾಡು ಹಾಕ್ಕೊಂಡು ಒಳಗೇ ಮಲಗಿದ್ದ. ಹಿಂದಿನದರ ಎಂಜಿನ್ ಓಡ್ತಾನೇ ಇತ್ತು. ಎಷ್ಟು ಕೂಗಿದಳೋ, ನಾವು ಹೋದಾಗ ಅವಳ ಬಾಯಿಂದ ಗಾಳಿ ಬಿಟ್ರೆ ಮಾತು ಬರಲಿಲ್ಲ. ಅಮ್ಮನ ಮುಖ ನೋಡಿ ತುಟಿ ಅಲ್ಲಾಡಿಸಿದಳು. ಹಿಟ್ಟಣ್ಣ ಬಗ್ಗಿ ಕೇಳಿಸಿಕೊಂಡ. "ಬಿಳಿ ಚೀಲ ನೋಡಲಿಲ್ವಾ?" ಅಂದಳಂತೆ.

ಹಿಟ್ಟಣ್ಣ ಗೋಡೆ ಗುದ್ದಿ ಜನ ಕರೆದ. ಒಳಗಿಂದ ಗೇಟು ತೆಗೆದು ಓಡಿ ಬಂದವರಲ್ಲಿ ದೊಡ್ಡವನೂ ಇದ್ದ. ಚಪ್ಪಡಿ ಎತ್ತಿದ್ದು ಅವನೇ. ಎತ್ತಿ, ಕೆಳಗಿದ್ದ ಪಾದ ನೋಡಿ, ಚಪ್ಪಡಿ ಹಿಡಿದೇ ನಿಂತುಬಿಟ್ಟ. ಬೇರೆಯವರು ಅವನ ಕೈಯಿಂದ ಬಿಡಿಸಬೇಕಾಯ್ತು.

ಕಾಲು ಉಳೀತು ಅಂತ ಡಾಕ್ಟರು ಹೇಳಿದ್ರು. ಉಳಿದಿದ್ದು ಹೌದು. ಎಷ್ಟೋ ಸಲ ಕೊಯ್ದು, ಹೊಲಿದು, ಕಂಬಿ ಹಾಕಿದ್ರು. ಪಾದದ ಕೀಲು ಮಡಚೋದು ನಿಂತುಹೋಯ್ತು. ಈಗ ಅವಳು ಆ ಕಾಲನ್ನು ಎತ್ತಿ ಇಡೋದಿಲ್ಲ, ಎಳೆದುಕೊಂಡು ಬರ್ತಾಳೆ. ಅಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂತ ತಿಳೀಬೇಡಿ. ಗೋದಾಮಿನ ಗೇಟಿನ ಮುಂದೆ ಹೋಗಿ ನಿಂತು ಬೈದೆ. ರಸ್ತೆ ನೋಡಿಕೊಳ್ಳೋ ಆಫೀಸಿಗೆ ಹೋಗಿ ಬೈದೆ. ಅಲ್ಲಿಯ ಮನುಷ್ಯ, "ಅಜ್ಜಿ, ಆ ಚಪ್ಪಡಿ ನಡೆಯೋಕೆ ಹಾಕಿದ್ದಲ್ಲ, ಚರಂಡಿ ಮುಚ್ಚೋಕೆ ಹಾಕಿದ್ದು" ಅಂದ. ನಡೆಯೋಕೆ ಯಾವುದು ಹಾಕಿದ್ದೀರಪ್ಪ ಅಂದೆ. ಅದು ನಮ್ಮ ವಿಭಾಗ ಅಲ್ಲ ಅಂದ.

ದೊಡ್ಡವನು ಆಸ್ಪತ್ರೆಯಲ್ಲಿ ಒಂದು ದಿನ ನನ್ನ ಪಕ್ಕ ಬೆಂಚಿನ ಮೇಲೆ ಕೂತ. ಹೇಳಿದ್ನಲ್ಲ ನಾನು, ಅಂತ ಶುರು ಮಾಡ್ತಾನೆ ಅಂತ ಕಾದೆ. ಶುರು ಮಾಡಿದ್ರೆ ಕೆನ್ನೆಗೆ ಕೊಡೋಣ ಅಂತಲೂ ಇದ್ದೆ. ಅವನು ನೆಲ ನೋಡ್ತಾ ಹೇಳಿದ.

"ಅಮ್ಮ, ನನಗೆ ಕೇಳಿಸಿತ್ತು."

"ಏನು?"

"ಅವಳ ಧ್ವನಿ. ಅವಳು ಬಿದ್ದಿದ್ದ ಜಾಗಕ್ಕೆ ಸರಿಯಾಗಿ, ಗೋಡೆ ಒಳಗೆ, ನಾನು ಮಾಲು ಇಳಿಸೋರ ಹತ್ರ ನಿಂತಿದ್ದೆ. ಕಿರುಚಿದ ಹಾಗೆ ಕೇಳಿಸ್ತು. ಬೆಕ್ಕು ಜಗಳ ಆಡ್ತಿವೆ ಅಂದುಕೊಂಡೆ."

ಗೋಡೆಗೂ ಕಿವಿ ಇರುತ್ತೆ ಅಂತಾರೆ. ಸುಳ್ಳು ಮಾತು. ನಾನು ಅವನ ಕೆನ್ನೆಗೆ ಕೊಡಲಿಲ್ಲ. ಕೈ ಹಿಡ್ಕೊಂಡು ಕೂತೆ, ಅದು ತಣ್ಣಗಿತ್ತು.

ಕೋಲು ಹಿಡಿದು ನಡೆಯೋ ಹಾಗಾದ ಮೇಲೆ ಕುದುರೆಯೇ ಮಾತು ತೆಗೆದಳು. "ಈ ವರ್ಷ ಹೋಯ್ತು. ಮುಂದಿನ ವರ್ಷದಿಂದ ಹೋಗ್ತೀನಿ" ಅಂದಳು. ದೊಡ್ಡವನು ತಕ್ಷಣ, "ಹೋಗಲಿ. ನಾನು ಪಾಳಿ ಬದಲಾಯಿಸ್ಕೊಳ್ತೀನಿ, ಆಗದಿದ್ರೆ ಹೇಗೋ ಒಂದು ವ್ಯಾನು ಗೊತ್ತು ಮಾಡ್ತೀನಿ" ಅಂದ. ಒಂದ್ಸಲ ಏನಾದ್ರೂ ಆದ್ರೆ ಶಾಲೆ ಮುಗೀತು ಅಂದಿದ್ದವನು ಅವನೇ. ನಾನು ಸಂತೋಷದಿಂದ ಸೊಸೆ ಮುಖ ನೋಡಿದೆ.

"ಬೇಡ" ಅಂದಳು ಸೊಸೆ.

"ಅಮ್ಮ?"

"ಬೇಡ ಅಂದ್ನಲ್ಲ. ಮನೇಲಿರು. ಅಜ್ಜಿ ಜೊತೆ ಕಾಜಾ ಕಲಿ."

ಎಷ್ಟು ಹೇಳಿದ್ವಿ ಅವಳಿಗೆ. ಯಾರ ತಪ್ಪೂ ಅಲ್ಲ ಅಂದೆ. ತಪ್ಪು ಆ ಗೋಡೆದು, ಆ ಚಪ್ಪಡಿದು, ಅಂಗಡಿಗಳನ್ನು ಕಿತ್ತವರದು ಅಂದೆ. ಹಿಟ್ಟಣ್ಣ ಬಂದು ತಪ್ಪು ನನ್ನದು ಅಂದ. ಯಾರ ಮಾತೂ ಅವಳೊಳಗೆ ಇಳೀಲಿಲ್ಲ. ಬಟ್ಟೆ ಹಾಕಿದ್ದು ನನ್ನ ಕೈ ಅಂತ ಒಂದೇ ಒಂದು ಸಲ ಹೇಳಿದಳು, ಆಮೇಲೆ ಅದನ್ನೂ ಹೇಳಲಿಲ್ಲ. ಆ ಕೋಟುಗಳನ್ನು ಮಾತ್ರ ಮುಗಿಸಿ ಕೊಟ್ಟಳು. ಹೋಟೆಲಿನವರು ಹೊಗಳಿದ್ರಂತೆ.

ಕುದುರೆಯ ಶಾಲೆ ಬಟ್ಟೆ ಗೂಟಕ್ಕೆ ತೂಗುಹಾಕಿತ್ತು. ಮಗಳು ಬೆಳೀತಾಳೆ ಅಂತ ಸ್ಕರ್ಟಿನ ಕೆಳಗೆ ಅಗಲವಾಗಿ ಮಡಿಕೆ ಬಿಟ್ಟು ಹೊಲಿದಿದ್ದಳು ಸೊಸೆ, ಎರಡು ವರ್ಷಕ್ಕಾಗೋ ಹಾಗೆ. ಎದುರುಮನೆಯ ಸ್ಕೂಟರ್ ಹುಡುಗಿಗೆ ಹೊಸದು ಬೇಕು ಅಂತ ಅವಳಮ್ಮ ಬಂದಳು. ಸೊಸೆ ಆ ಸ್ಕರ್ಟನ್ನು ಗೂಟದಿಂದ ತೆಗೆದು, ಹೊಲಿಗೆ ಬಿಚ್ಚಿ, ಮಡಿಕೆ ಇಳಿಸಿ, ಸೊಂಟ ಬಿಗಿ ಮಾಡಿ ಅವಳಿಗೆ ಕೊಟ್ಟಳು. ಅಂಗಿಯನ್ನೂ ಕೊಟ್ಟಳು. ಕುದುರೆ ಎದುರಿಗೇ ಕೂತು ಕಾಜಾ ಹೊಲೀತಿದ್ದಳು, ತಲೆ ಎತ್ತಲಿಲ್ಲ. ಯಾರಿಗೆ ಬೈಯಲಿ ಅಂತ ನನಗೆ ಗೊತ್ತಾಗಲಿಲ್ಲ.

ಹೀಗಿರೋವಾಗ ಒಂದು ಬೆಳಿಗ್ಗೆ ಒಬ್ಬ ಹುಡುಗಿ ಬಂದು ನಮ್ಮ ಅಂಗಡಿಯ ನೆರಳಲ್ಲಿ ಮಡಚೋ ಕುರ್ಚಿ ಹಾಕ್ಕೊಂಡು ಕೂತಳು. ಕಾಲೇಜು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹಾಗಿದ್ದಳು. ಕೈಯಲ್ಲಿ ಒತ್ತಿದ್ರೆ ಟಿಕ್ ಅನ್ನೋ ಒಂದು ಪುಟ್ಟ ಯಂತ್ರ. ಕುಡಿಯೋಕೆ ನೀರು ಕೇಳಿದಳು, ಕೊಟ್ಟೆ. ಏನಮ್ಮ ಇದು ಅಂದೆ.

"ಶಾಲೆ ಮಕ್ಕಳು ಎಷ್ಟು ಜನ ನಡ್ಕೊಂಡು ಹೋಗ್ತಾರೆ ಅಂತ ಎಣಿಸ್ತಿದ್ದೀವಿ ಅಜ್ಜಿ. ಎಲ್ಲ ರಸ್ತೆಗಳಲ್ಲೂ. ಹೆಚ್ಚು ಮಕ್ಕಳು ನಡೆಯೋ ಕಡೆ ಮೊದಲು ಒಳ್ಳೇ ಕಾಲುದಾರಿ ಮಾಡ್ತಾರೆ, ದೀಪ ಹಾಕ್ತಾರೆ, ಲಾರಿ ನಿಲ್ಲೋದು ತಪ್ಪಿಸ್ತಾರೆ."

"ನಡೆಯದ ಕಡೆ?"

"ನಡೆಯೋರೇ ಇಲ್ಲದ ಕಡೆ ಮಾಡಿ ಏನು ಉಪಯೋಗ ಹೇಳಿ." ಒಳ್ಳೇ ಹುಡುಗಿ, ನಕ್ಕೊಂಡೇ ಹೇಳಿದಳು.

ಶಾಲೆ ಹೊತ್ತಾಯ್ತು. ಸ್ಕೂಟರುಗಳು ಹೋದವು, ವ್ಯಾನುಗಳು ಹೋದವು, ಲಾರಿಗಳು ಬಂದು ಸಾಲು ಕಟ್ಟಿದವು. ಎದುರುಮನೆ ಹುಡುಗಿ ಅಪ್ಪನ ಬೆನ್ನಿಗೆ ಅಂಟಿಕೊಂಡು ಹೋದಳು. ಯಂತ್ರ ಒಂದು ಸಲವೂ ಟಿಕ್ ಅನ್ನಲಿಲ್ಲ. "ಇಲ್ಲಿ ಮಕ್ಕಳು ನಡೆಯೋದೇ ಇಲ್ವಾ ಅಜ್ಜಿ? ಇಷ್ಟು ಹತ್ತಿರ ಶಾಲೆ ಇದ್ರೂ? ಈಗಿನ ಮಕ್ಕಳಿಗೆ ಸೋಮಾರಿತನ ಜಾಸ್ತಿ" ಅಂದಳು.

ನಾನು ಬಾಯಿ ತೆರೆಯೋಷ್ಟರಲ್ಲಿ ಕುದುರೆ ದಾರ ಹಲ್ಲಲ್ಲಿ ಕಡಿದು, ಕೈಲಿದ್ದ ಅಂಗಿ ಮಡಚಿಟ್ಟು ಎದ್ದಳು. ಕೋಲು ತಗೊಂಡಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಪುಸ್ತಕದ ಚೀಲ ಹೆಗಲಿಗೆ ಹಾಕ್ಕೊಂಡಳು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಗೋಡೆಯ ಕಡೆ ಹೊರಟಳು. ಒಂದು ಕಾಲು ಟಕ್, ಇನ್ನೊಂದು ಕಾಲು ಎಳೆಯೋ ಸದ್ದು.

ಮೆಷಿನ್ ನಿಂತಿತು. ಸೊಸೆ ತಡೀತಾಳೆ ಅಂತ ನಾನು ಎದ್ದು ಅಡ್ಡ ನಿಂತೆ. ಅವಳು ನನ್ನ ಕಡೆ ಬರಲೇ ಇಲ್ಲ. ಚೂರುಪಾರು ಬಟ್ಟೆಯ ಬುಟ್ಟಿ ಮಗುಚಿ, ತಡಕಾಡಿ, ಉಳಿದಿದ್ದ ಕೆಂಪು ಲೈನಿಂಗಿನ ಒಂದು ಉದ್ದನೆ ತುಂಡು ಎಳೆದುಕೊಂಡು ತಾರಸಿಗೆ ಓಡಿದಳು. ನಾನು ರಸ್ತೆಗಿಳಿದು ತಿರುಗಿ ನೋಡಿದೆ. ಗಳುವಿನ ಮೇಲೆ ಕೆಂಪು ಹಾರ್ತು. ಅದರ ಪಕ್ಕ ಸೊಸೆ ಎರಡೂ ಕೈಯಲ್ಲಿ ತಾರಸಿಯ ಮೋಟುಗೋಡೆ ಹಿಡಿದು ನಿಂತಿದ್ದಳು.

ಕುದುರೆ ಸಂದಿಯೊಳಗೆ ಹೋದಳು, ಕಾಣದಾದಳು. ಆ ತುದಿಯಲ್ಲಿ ಹಿಟ್ಟಣ್ಣ ಹೊರಗೆ ಬಂದು ಕೈ ಅಡ್ಡ ಹಿಡಿದು ಈ ಕಡೆ ನೋಡ್ತಿದ್ದ. ನೋಡಿ ರಸ್ತೆಗೆ ಓಡಿ ಬಂದ, ಮತ್ತೆ ಒಳಗೆ ಓಡಿದ. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ತೊಲೆಯ ಮೇಲೆ ಬಿಳಿ ಚೀಲ ಏರಿತು.

ನಾನು ಕಣ್ಣೊರೆಸಿಕೊಂಡು ಆ ಹುಡುಗಿ ಕಡೆ ತಿರುಗಿದೆ. ಅವಳು ಯಂತ್ರವನ್ನು ಚೀಲಕ್ಕೆ ಹಾಕ್ತಿದ್ದಳು.

"ಒತ್ತಿದ್ಯೇನಮ್ಮ?"

"ಯಾರಿಗೆ ಅಜ್ಜಿ?"

"ಈಗ ಹೋದಳಲ್ಲ, ನನ್ನ ಮೊಮ್ಮಗಳು."

ಅವಳಿಗೆ ಮುಜುಗರವಾಯ್ತು. "ಇಲ್ಲ ಅಜ್ಜಿ. ಯೂನಿಫಾರ್ಮ್ ಹಾಕಿರೋರನ್ನ ಮಾತ್ರ ಎಣಿಸಬೇಕು ಅಂತ ನಮಗೆ ಹೇಳಿದ್ದಾರೆ. ಅವರು ಶಾಲೆಗೆ ಹೋಗೋರಲ್ಲ ಅಲ್ವಾ?"

ಅವಳು ಕುರ್ಚಿ ಮಡಚಿ, ನೀರು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಜ್ಜಿ ಅಂತ ಹೇಳಿ ಹೋದಳು.

ತಾರಸಿ ಮೇಲಿಂದ ಸೊಸೆ ಬಗ್ಗಿ ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳ ಧ್ವನಿಯಲ್ಲಿ ಜೀವವಿತ್ತು.

"ಅತ್ತೇ, ಎಣಿಸಿದ್ರಾ ಅವಳನ್ನ?"

"ಹೂಂ, ಎಣಿಸಿದ್ರು" ಅಂದೆ.